ನಾನು ಮಾಡದ ಕರೆ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ಸಾಲದ್ದಕ್ಕೆ, ನಂಬುವವರನ್ನು ಕೆಣಕುವ ಕೆಟ್ಟ ಚಟವೂ ನನಗಿತ್ತು. ಇಲ್ಲಿ ನಮ್ಮವರ ಮನೆಗಳಲ್ಲಿ ಊಟವಾದ ಮೇಲೆ ಯಾರಾದರೂ ಇಂಥದೊಂದು ಕಥೆ ತೆಗೆದರೆ, "ಆಗ ಟೈಮ್ ಎಷ್ಟಾಗಿತ್ತು? ಬೇರೆ ಯಾರು ನೋಡಿದ್ರು? ಅವತ್ತು ನಿಮಗೆ ಜ್ವರ ಇತ್ತಾ?" ಎಂದು ಒಂದರ ಮೇಲೊಂದು ಕೇಳಿ ಕಥೆಯ ಗಾಳಿ ತೆಗೆದುಬಿಡುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ. ಅಮೆರಿಕದ ಡರ್ಹಮ್‌ನಲ್ಲಿ ಹೊಸ ಔಷಧಗಳ ಪರೀಕ್ಷೆಯಿಂದ ಬರುವ ಅಂಕಿ ಅಂಶಗಳನ್ನು ಜಾಲಾಡಿ, ಯಾವುದು ಔಷಧದ ಗುಣ, ಯಾವುದು ಬರೀ ಕಾಕತಾಳೀಯ ಎಂದು ಬೇರ್ಪಡಿಸುವವರಲ್ಲಿ ನಾನೂ ಒಬ್ಬಳು. ಈಗ ಬರೆಯಹೊರಟಿರುವ ಸಂಗತಿಗೂ ಕಾಕತಾಳೀಯ ಎಂದು ಹೆಸರಿಟ್ಟು ಕೈತೊಳೆದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆಗಿಲ್ಲ. ಓದುತ್ತಾ ನಿಮಗೆ ನಗು ಬಂದರೆ ನಕ್ಕುಬಿಡಿ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಹೆದರಿಕೆಯಾಗುವಂಥದ್ದು ಏನೂ ಇಲ್ಲ. ನನಗೆ ಅವತ್ತು ಆದದ್ದೂ ನಾಚಿಕೆ, ಇವತ್ತಿಗೂ ಆಗುವುದು ನಾಚಿಕೆಯೇ.

ಕೋವಿಡ್‌ನ ಅಬ್ಬರ ಇಳಿದ ಮೇಲೆ ಮಲಾವಿ ದೇಶದಿಂದ ಚಿಸೋಮೊ ಎಂಬ ನರ್ಸ್ ಡರ್ಹಮ್‌ಗೆ ತರಬೇತಿಗೆ ಬಂದಿದ್ದಳು. ಒಂದು ಕಾರ್ಯಾಗಾರದಲ್ಲಿ ಅಕ್ಕಪಕ್ಕ ಕೂತು ಪರಿಚಯವಾಯಿತು. ಆಮೇಲೆ ರಜೆಯ ದಿನಗಳಲ್ಲಿ ನಮ್ಮ ಮನೆಗೇ ಬಂದುಬಿಡುತ್ತಿದ್ದಳು. ನಾನು ಮೊದಲ ಸಲ ಮುದ್ದೆ ಮಾಡಿ ಬಡಿಸಿದಾಗ, "ಇದು ನಮ್ಮ ಮನೆಯ ಊಟ, ನೀನು ಬಣ್ಣ ಬದಲಾಯಿಸಿದ್ದೀಯ ಅಷ್ಟೆ" ಎಂದು ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ತಿಂದಳು. ಅವರಲ್ಲಿ ಮೆಕ್ಕೆಜೋಳದ ಬಿಳಿ ಹಿಟ್ಟಿನಲ್ಲಿ ಇದನ್ನೇ ಮಾಡುತ್ತಾರಂತೆ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನ್ ಎತ್ತಿದ ಕೂಡಲೇ "ಊಟ ಆಯ್ತಾ?" ಎಂದು ಕೇಳುವ ನನ್ನ ಅಭ್ಯಾಸ ಅವಳಿಗೆ ಬಹಳ ಇಷ್ಟವಾಗಿತ್ತು. ಈ ದೇಶಕ್ಕೆ ಬಂದ ಮೇಲೆ ಹಾಗೆ ಕೇಳಿದವಳು ನೀನೊಬ್ಬಳೇ ಎನ್ನುತ್ತಿದ್ದಳು.

ಚಿಸೋಮೊ ತನ್ನ ಊರಿನ ಒಂದು ಚಿಕ್ಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಸುತ್ತಲಿನ ಹಳ್ಳಿಗಳಿಂದ ಬಸುರಿಯರು ನಡೆದೋ ಸೈಕಲ್ ಕ್ಯಾರಿಯರ್ ಮೇಲೆ ಕೂತೋ ಅಲ್ಲಿಗೆ ಬರುತ್ತಿದ್ದರು. ದೊಡ್ಡ ಆಸ್ಪತ್ರೆ ದೂರದ ಪಟ್ಟಣದಲ್ಲಿತ್ತು. ಅಲ್ಲಿಗೆ ಸಾಗಿಸಲು ಹಿಂದೆ ಗಾಡಿ ಕಟ್ಟಿದ ಒಂದು ಮೋಟರ್‌ಸೈಕಲ್ ಇತ್ತು, ಅದಕ್ಕೆ ಪೆಟ್ರೋಲ್ ಇದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಅವಳು ಹೇಳಿದ್ದರಲ್ಲಿ ನನ್ನನ್ನು ಬಹಳ ಕಲಕಿದ್ದು ಒಂದು ವಿಷಯ: ತೂಕ ಕಡಿಮೆಯಿರುವ ಎಳೆಗೂಸುಗಳು ಅಲ್ಲಿ ಸಾಯುತ್ತಿದ್ದದ್ದು ಎಷ್ಟೋ ಸಲ ಬರೀ ಚಳಿಯಿಂದ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡಿದ್ದ ನನಗೆ ಅದು ತಲೆಗೇ ಹತ್ತಲಿಲ್ಲ. ಹುಟ್ಟಿದ ಕೂಸಿಗೆ ಮೈ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಬಿಸಿಲಿನ ಊರಿನಲ್ಲೂ ರಾತ್ರಿ ತಣ್ಣಗಿರುತ್ತದೆ ಎಂದು ಅವಳು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ತಾಯಿಯ ಬರಿಯ ಎದೆಗೆ ಕೂಸನ್ನು ಒರಗಿಸಿ ಬಟ್ಟೆಯಲ್ಲಿ ಕಟ್ಟುವುದೇ ಅವಳ ಬಳಿಯಿದ್ದ ಮದ್ದು.

ಡರ್ಹಮ್ ಮತ್ತು ಈ ರಾಜ್ಯದ ಬೇರೆ ಊರುಗಳಲ್ಲಿರುವ ನಾವು ಕೆಲವು ಕನ್ನಡ ಮನೆಗಳವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೆವು. ಮುಂದಾಳು ಶ್ರೀಧರ್, ಷಾರ್ಲೆಟ್‌ನಲ್ಲಿ ಬ್ಯಾಂಕ್ ಒಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಒಳ್ಳೆಯವರು, ಎಲ್ಲದಕ್ಕೂ ಮೀಟಿಂಗ್ ಕರೆಯುವವರು. ಚಿಸೋಮೊ ಊರಿಗೆ ಮರಳುವ ಮುಂಚೆ ಅವಳನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು ಹೇಳಿ ಎಂದು ಕೇಳಿದೆವು. ಮೋಟರ್‌ಸೈಕಲ್‌ಗೆ ಪೆಟ್ರೋಲ್ ಬೇಕು, ಇನ್ನೊಬ್ಬ ನರ್ಸ್ ಉಳಿಯುವಂತೆ ಒಂದು ಮನೆಗೆ ಸೂರು ಬೇಕು ಎಂದಳು. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಅವಳಿಗೆ ಯಂತ್ರ ಕೊಡುವುದೆಂದು ತೀರ್ಮಾನಿಸಿದೆವು! ಪೆಟ್ರೋಲ್ ಉರಿದು ಹೋಗುತ್ತದೆ, ಯಂತ್ರವಾದರೆ ಉಳಿಯುತ್ತದೆ ಎಂದು ಯಾರೋ ಅಂದರು. ಪೆಟ್ರೋಲ್‌ನ ಫೋಟೊ ತೆಗೆದು ಹಾಕಲಾಗುವುದಿಲ್ಲ ಎಂಬುದೂ ನಮ್ಮ ಮನಸ್ಸಿನಲ್ಲಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಹೀಗೆ ಎಳೆಗೂಸನ್ನು ಬೆಚ್ಚಗಿಡುವ ಯಂತ್ರವೊಂದು, ಇಲ್ಲಿನವರು ವಾರ್ಮರ್ ಎನ್ನುತ್ತಾರೆ, ನಮಗೆ ಸಿಕ್ಕಿತು. ಚಿಕ್ಕ ತೊಟ್ಟಿಲು, ತಲೆಯ ಮೇಲೆ ಕಾಯುವ ಸರಳು. ಬಳಸಿದ್ದಾದರೂ ಸುಸ್ಥಿತಿಯಲ್ಲಿತ್ತು. ನಮ್ಮ ಗರಾಜಿನಲ್ಲಿ ಅದನ್ನು ಒರೆಸಿ, ಪ್ಲಗ್ ಹಾಕಿ, ತೊಟ್ಟಿಲೊಳಗೆ ಕೈಯಿಟ್ಟು ನೋಡಿದೆವು. ಹಿತವಾದ ಬಿಸಿ. ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಪ್ಯಾಕ್ ಮಾಡಿದೆವು. ಮಲಾವಿಯ ಗೋಡೆಗಳಲ್ಲಿ ಮೂರು ದಪ್ಪ ಚಪ್ಪಟೆ ಕಡ್ಡಿಗಳ ಪ್ಲಗ್ ಎಂದು ನಾನೇ ಹುಡುಕಿ ತಿಳಿದುಕೊಂಡಿದ್ದೆ. ಅದಕ್ಕೆ ಹೊಂದುವ ಅಡಾಪ್ಟರನ್ನು ನಾನೇ ಆರ್ಡರ್ ಮಾಡಿ, ವೈರಿಗೆ ಸಿಕ್ಕಿಸಿ, ಬಿಚ್ಚಿಹೋಗದಂತೆ ಟೇಪ್ ಸುತ್ತಿದೆ. "ಎಷ್ಟು ಡೀಟೇಲ್ ಆಗಿ ಯೋಚನೆ ಮಾಡ್ತೀರಾ!" ಎಂದು ಶ್ರೀಧರ್ ಹೊಗಳಿದರು. ನಾನು ಉಬ್ಬಿದೆ.

ಯಂತ್ರ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ, ಮರುವರ್ಷದ ವಸಂತದಲ್ಲಿ ಚಿಸೋಮೊಳ ಊರು ತಲುಪಿತು. ಒಂದು ಶುಕ್ರವಾರ ಅವಳಿಂದ ಫೋಟೊ ಬಂತು. ಹೆರಿಗೆ ಕೋಣೆಯ ಮಧ್ಯೆ ನಮ್ಮ ಯಂತ್ರ, ಸುತ್ತ ಬಣ್ಣದ ಬಟ್ಟೆ ಸುತ್ತಿಕೊಂಡ ಹೆಂಗಸರು. "ಎಸ್ತರ್ ಎಂಬವಳಿಗೆ ಇವತ್ತು ಹೆರಿಗೆಯಾಗಿದೆ. ಮಗು ತುಂಬ ಚಿಕ್ಕದು. ನಾಳೆ ಬೆಳಗ್ಗೆ ಕರೆಂಟ್ ಬಂದ ಕೂಡಲೇ ನಿಮ್ಮ ತೊಟ್ಟಿಲಲ್ಲಿ ಮಲಗಿಸುತ್ತೇವೆ" ಎಂದು ಬರೆದಿದ್ದಳು. ಗುಂಪಿಗೆಲ್ಲ ಕಳಿಸಿದೆ. ಹೃದಯಗಳು, ಚಪ್ಪಾಳೆಗಳು, ಕೈಮುಗಿದ ಚಿತ್ರಗಳು ಸುರಿದವು. ನೆಮ್ಮದಿಯಿಂದ ಮಲಗಿದೆ. ಕನಸು ಬಿದ್ದ ನೆನಪೂ ಇಲ್ಲ.

ಶನಿವಾರ ಎದ್ದಾಗ ಗಂಟಲು ಕಟ್ಟಿತ್ತು. ಕಣ್ಣು ಊದಿಕೊಂಡಿದ್ದವು. ಆ ದಿನಗಳಲ್ಲಿ ಇಲ್ಲಿ ಪೈನ್ ಮರದ ಹಳದಿ ಪುಡಿ ಕಾರು, ಮೆಟ್ಟಿಲು, ಕಿಟಕಿ ಎಲ್ಲದರ ಮೇಲೂ ಕೂತಿರುತ್ತದೆ, ಅರ್ಧ ಊರಿಗೆ ಸೀನು. ನನಗೂ ಅದೇ ಎಂದುಕೊಂಡು ಮಾತ್ರೆ ನುಂಗಿದೆ. ಮಧ್ಯಾಹ್ನ ದೋಸೆಗೆ ಚಟ್ನಿ ರುಬ್ಬಿ, ಮಿಕ್ಸಿಯ ಮೇಲೆ ಚೆಲ್ಲಿದ್ದನ್ನು ಒರೆಸಲು ಅದನ್ನು ಪಕ್ಕಕ್ಕೆ ವಾಲಿಸಿದೆ. ಕೆಳಗೆ ಅಂಟಿಸಿದ್ದ ಚೀಟಿ ಕಾಣಿಸಿತು. 110 ವೋಲ್ಟ್. ಅಮೆರಿಕದಲ್ಲಿ ಮಾತ್ರ ಬಳಸಿ.

ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿತ್ತು. ಈ ದೇಶದಲ್ಲಿರುವ ನಮ್ಮ ಯಾವ ಮನೆಯ ಹೆಂಗಸನ್ನಾದರೂ ಕೇಳಿ, ಇದು ಗೊತ್ತಿಲ್ಲದವರಿಲ್ಲ. ಬೆಂಗಳೂರಿನಿಂದ ಮಿಕ್ಸಿ ತರುವಾಗ ಅಂಗಡಿಯವನಿಗೆ ಮೂರು ಸಲ ಹೇಳಿ ಅಮೆರಿಕದ ವೋಲ್ಟೇಜಿನದೇ ತರುತ್ತೇವೆ. ಇಲ್ಲಿಯದನ್ನು ಅಲ್ಲಿ ಹಾಕಿದರೆ ಸುಟ್ಟುಹೋಗುತ್ತದೆ. ಮಲಾವಿಯ ಕರೆಂಟೂ ನಮ್ಮೂರಿನ ಕರೆಂಟಿನ ಹಾಗೇ, ಇಲ್ಲಿಯದಕ್ಕಿಂತ ಎರಡರಷ್ಟು ಜೋರಿನದು. ಗುಂಪಿನಲ್ಲಿದ್ದವರು ಬಹುಪಾಲು ಎಂಜಿನಿಯರುಗಳು. ಹುಟ್ಟಿ ಬೆಳೆದದ್ದು ಆ ಜೋರು ಕರೆಂಟಿನ ಮನೆಗಳಲ್ಲೇ. ಆದರೆ ವರ್ಷಗಟ್ಟಲೆ ನಾವು ಊರಿಗೆ ಒಯ್ದದ್ದು ಲ್ಯಾಪ್‌ಟಾಪ್ ಮತ್ತು ಫೋನು. ಅವು ಎಲ್ಲ ಕರೆಂಟನ್ನೂ ತಡೆದುಕೊಳ್ಳುತ್ತವೆ, ಅವಕ್ಕೆ ಅಡಾಪ್ಟರ್ ಒಂದಿದ್ದರೆ ಸಾಕು. ಹಾಗಾಗಿ ಅಡಾಪ್ಟರ್ ಇದ್ದರೆ ಎಲ್ಲವೂ ನಡೆಯುತ್ತದೆ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಅಡಾಪ್ಟರ್ ಬದಲಾಯಿಸುವುದು ಪ್ಲಗ್ಗಿನ ಆಕಾರವನ್ನು ಮಾತ್ರ. ನಾನು ಅದನ್ನು ಕಳಿಸದೆ ಇದ್ದಿದ್ದರೆ ಆ ಯಂತ್ರ ಅಲ್ಲಿನ ಗೋಡೆಗೆ ಹೊಂದುತ್ತಲೇ ಇರಲಿಲ್ಲ. ಈಗ ಹೊಂದುತ್ತದೆ. ಆ ಸರಳು ಕೆಂಡವಾಗುತ್ತದೆ, ಅದರ ಕೆಳಗೆ ಎಸ್ತರಳ ಮಗು ಇರುತ್ತದೆ.

ಚಿಸೋಮೊಗೆ ಕರೆ ಮಾಡಿದೆ. ಹೋಗಲಿಲ್ಲ. ಅಲ್ಲಿ ಆಗಲೇ ಸಂಜೆ. ಬೆಳಗ್ಗೆ ಎಂದು ಅವಳು ಹೇಳಿದ ಹೊತ್ತು ಕಳೆದು ಎಷ್ಟೋ ಆಗಿತ್ತು. ಆಮೇಲೆ ನಾನು ಏನು ಮಾಡಿದೆ ಗೊತ್ತೇ? ಮತ್ತೆ ಮತ್ತೆ ಅವಳಿಗೇ ಕರೆ ಮಾಡಬೇಕಾಗಿತ್ತು. ನಾನು ಶ್ರೀಧರ್ ಅವರಿಗೆ ಕರೆ ಮಾಡಿದೆ. ಅವರು ಮೀಟಿಂಗ್ ಕರೆದರು. ರಾಲಿಯಿಂದ, ಷಾರ್ಲೆಟ್‌ನಿಂದ ಮುಖಗಳು ಒಂದೊಂದಾಗಿ ಪರದೆಯ ಮೇಲೆ ಬಂದವು.

"ಪ್ಯಾನಿಕ್ ಆಗೋದು ಬೇಡ," ಎಂದರು ಶ್ರೀಧರ್. "ಅಲ್ಲಿ ಆಗ್ಲೇ ಈವ್ನಿಂಗ್. ಆಗಿದ್ರೆ ಆಗೋಗಿರುತ್ತೆ. ಈಗ ನಾವು ಏನ್ ಬರೀತೀವಿ ಅನ್ನೋದು ಇಂಪಾರ್ಟೆಂಟ್."

"ಮಿಸ್ಟೇಕ್ ಅನ್ನೋ ವರ್ಡ್ ಮಾತ್ರ ಬೇಡ," ಎಂದು ಇನ್ನೊಬ್ಬರು ಸೇರಿಸಿದರು.

ಒಂದು ಗಂಟೆಗೂ ಮೀರಿ ನಾವು ಒಂದು ಸಂದೇಶವನ್ನು ತಿದ್ದಿದೆವು. ಒಬ್ಬರು ಬರೆಯುವುದು, ಇನ್ನೊಬ್ಬರು ಅಳಿಸುವುದು. ಮೊದಲ ಕರಡಿನಲ್ಲಿ 'ಕ್ಷಮಿಸಿ' ಎಂದಿತ್ತು. ಹಾಗೆ ಬರೆದರೆ ತಪ್ಪು ನಮ್ಮದೇ ಎಂದು ಬರೆದುಕೊಟ್ಟ ಹಾಗಾಗುತ್ತದೆ ಎಂದು ಹೇಳಿ ಆ ಪದವನ್ನು ತೆಗೆದವಳು ನಾನು. ಕೊನೆಗೆ ಉಳಿದದ್ದು, ತಾಂತ್ರಿಕ ಪರಿಶೀಲನೆ ಮುಗಿಯುವವರೆಗೆ ಉಪಕರಣದ ಅಳವಡಿಕೆಯನ್ನು ದಯವಿಟ್ಟು ಮುಂದೂಡಬೇಕಾಗಿ ಕೋರಿಕೆ ಎನ್ನುವಂಥ ಒಂದು ಮಾತು. ಕಳಿಸಿದೆವು. ಅದು ಅವಳ ಫೋನನ್ನು ತಲುಪಿದ ಗುರುತೇ ಬರಲಿಲ್ಲ. ಆಮೇಲೆ ಮಾತ್ರ ನನಗೆ ಮೈಮೇಲೆ ಎಚ್ಚರ ಬಂದ ಹಾಗಾಗಿ, ಫೋನ್ ಹಿಡಿದು ಕೂತು ಸಂಜೆಯೆಲ್ಲ ಒತ್ತಿದೆ. ಊಟ ಸೇರಲಿಲ್ಲ. ನನ್ನ ಮಗಳು ತನ್ವಿ ಆಗ ಹೈಸ್ಕೂಲಿನಲ್ಲಿದ್ದಳು. ಬಂದು ಪಕ್ಕದಲ್ಲಿ ಕೂತು, "ಅಮ್ಮ, ಬೇಬಿ ಓಕೆನಾ?" ಎಂದು ಕೇಳಿದಳು. ಅಷ್ಟು ಹೊತ್ತಿನ ಮೀಟಿಂಗಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಚಿಸೋಮೊಳೇ ಕರೆ ಮಾಡಿದಳು. ಕೆಟ್ಟದ್ದನ್ನೇ ನಿರೀಕ್ಷಿಸಿ ಎತ್ತಿದೆ. ಆದರೆ ಅವಳ ದನಿಯಲ್ಲಿ ನಗುವಿತ್ತು.

"ಇವತ್ತು ನಾನೇ ಮೊದಲು ಕೇಳುತ್ತೇನೆ, ಊಟ ಆಯ್ತಾ?" ಎಂದಳು. "ನಿನ್ನೆ ನೀನು ಬಹಳ ಅತ್ತೆ. ಈಗ ಸಮಾಧಾನವಾಗಿದ್ದೀಯಾ ಎಂದು ತಿಳಿಯೋಣ ಅಂತ ಮಾಡಿದೆ. ಮಗು ಚೆನ್ನಾಗಿದೆ."

ನನಗೆ ಒಂದೂ ಅರ್ಥವಾಗಲಿಲ್ಲ. ಮಗು ಚೆನ್ನಾಗಿದೆ ಎಂಬುದೊಂದನ್ನು ಹಿಡಿದುಕೊಂಡು, ನಿನ್ನೆ ಏನಾಯಿತು ಎಂದು ಕೇಳಿದೆ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ.

ಶನಿವಾರ ಅಲ್ಲಿ ಆಗಷ್ಟೇ ಬೆಳಕಾಗಿತ್ತು. ಕರೆಂಟ್ ಬಂದಿತ್ತು. ಚಿಸೋಮೊ ನಮ್ಮ ಯಂತ್ರದ ಪ್ಲಗ್ ಕೈಯಲ್ಲಿ ಹಿಡಿದಿದ್ದಳು, ಎಸ್ತರ್ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಪಕ್ಕದಲ್ಲಿ ನಿಂತಿದ್ದಳು. ಎಸ್ತರ್‌ಗೆ ಆ ಯಂತ್ರ ಬಂದದ್ದು ಬಹಳ ಹೆಮ್ಮೆ. ಎದೆಗೆ ಕಟ್ಟಿಕೊಳ್ಳುವುದು ಬಡವರ ಮದ್ದು, ನನ್ನ ಮಗುವಿಗೆ ಯಂತ್ರವೇ ಬೇಕು ಎಂದು ಹಟ ಹಿಡಿದಿದ್ದಳಂತೆ. ಆಗ ಕೇಂದ್ರದ ಹಳೆಯ ಬಟನ್ ಫೋನ್ ಬಡಿದುಕೊಂಡಿತು. ಚಿಸೋಮೊಳ ಸ್ವಂತ ಫೋನ್ ಹಿಂದಿನ ಸಂಜೆ ಕೆಟ್ಟು ರಿಪೇರಿಗೆಂದು ಪೇಟೆಗೆ ಹೋಗಿತ್ತು, ನನ್ನ ಕರೆಗಳು ಹೋಗದೆ ಇದ್ದದ್ದು ಅದಕ್ಕೇ. ಬಟನ್ ಫೋನ್ ಎತ್ತಿದಾಗ ಆ ಕಡೆಯಿಂದ ಬಂದದ್ದು ನನ್ನ ದನಿ. ಎಂದಿನಂತೆ ಊಟ ಆಯ್ತಾ ಎಂದು ಕೇಳಿದೆನಂತೆ. ಆಮೇಲೆ ಅಳಲು ಶುರು ಮಾಡಿದೆನಂತೆ. ಅದನ್ನು ಗೋಡೆಗೆ ಹಾಕಬೇಡ, ಸುಡುತ್ತದೆ, ತಪ್ಪು ನನ್ನದು, ನಾನು ನೋಡಲಿಲ್ಲ, ನನ್ನನ್ನು ಕ್ಷಮಿಸು ಎಂದು ಒಂದೇ ಸಮನೆ ಹೇಳಿದೆನಂತೆ. ಪ್ಲಗ್ ಕೆಳಗಿಟ್ಟೆ ಎಂದು ಅವಳು ಹೇಳಿದ ಮೇಲೆ, ಮಗುವಿನ ತಾಯಿಗೆ ಫೋನ್ ಕೊಡು ಎಂದೆನಂತೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೂ ಕೇಳದೆ, ಕೊಡು ಎಂದೆನಂತೆ.

"ಅವಳ ಕಿವಿಗೆ ಹಿಡಿದೆ. ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮಗುವನ್ನು ತೊಟ್ಟಿಲಿಂದ ಎತ್ತಿ ಎದೆಗೆ ಹಾಕಿಕೊಂಡು ಬಟ್ಟೆ ಕಟ್ಟು ಅಂದಳು. ಇನ್ನೂ ಬಿಚ್ಚಿಲ್ಲ. ನಾನು ಒಂದು ದಿನವೆಲ್ಲ ಹೇಳಿದರೂ ಕೇಳದವಳು."

ಅವಳು ಹೇಳಿದ ಹೊತ್ತಿಗೆ ಇಲ್ಲಿ ನಾನು ಹಾಸಿಗೆಯಲ್ಲಿದ್ದೆ. ಮಿಕ್ಸಿಯ ಚೀಟಿಯನ್ನು ನೋಡಲು ಇನ್ನೂ ಅರ್ಧ ದಿನವಿತ್ತು. ತಪ್ಪು ನಡೆದಿದೆ ಎಂದು ನನಗೇ ಗೊತ್ತಿಲ್ಲದ ಹೊತ್ತು ಅದು. ಚಿಸೋಮೊ, ನಾನು ಕರೆ ಮಾಡಲಿಲ್ಲ ಎಂದೆ. ಅವಳು ನಕ್ಕಳು. ನಿನ್ನ ದನಿ ನನಗೆ ಗೊತ್ತಿಲ್ಲವೇ ಎಂದಳು. ನಿಮ್ಮ ಗುಂಪಿನ ಸಂದೇಶ ಈಗ ತಲುಪಿತು, ಅದೇ ವಿಷಯವನ್ನು ದೊಡ್ಡ ದೊಡ್ಡ ಪದಗಳಲ್ಲಿ ಬರೆದಿದ್ದೀರಿ, ಅದು ಬೇಕಿರಲಿಲ್ಲ, ನಿನ್ನ ಕರೆಯೇ ಸಾಕಾಗಿತ್ತು ಎಂದಳು. ಅವಳು ಚುಚ್ಚಲು ಹೇಳಿದ್ದಲ್ಲ. ಆದರೆ ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು.

ಮುಂದಿನ ದಿನಗಳಲ್ಲಿ ನಾನು ಬೇರೆಯವರ ಕಥೆಗಳಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡೆ. ನನ್ನ ಫೋನಿನಲ್ಲಿ ಆ ರಾತ್ರಿ ಯಾವ ಕರೆಯೂ ಇಲ್ಲ. ಫೋನ್ ಕಂಪನಿಯ ವಿವರದಲ್ಲೂ ಇಲ್ಲ. ಆ ಬಟನ್ ಫೋನಿನ ನಂಬರು ನನಗೆ ಗೊತ್ತೇ ಇರಲಿಲ್ಲ, ಹಾಗೊಂದು ಫೋನಿದೆ ಎಂಬುದೂ ಗೊತ್ತಿರಲಿಲ್ಲ. ಆ ಕಡೆ ಫೋನಿನಲ್ಲಿ ಕರೆ ಮಾಡಿದವರ ನಂಬರು ಕಾಣಿಸಿರಲಿಲ್ಲವಂತೆ. ಹೊರದೇಶದ ಕರೆಗಳು ಎಷ್ಟೋ ಸಲ ಹಾಗೇ ಬರುತ್ತವಂತೆ. ಗುಂಪಿನವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದೆ. ನಾನು ಹೇಳುವವರೆಗೆ ಯಾರಿಗೂ ವೋಲ್ಟೇಜಿನ ನೆನಪಾಗಿರಲಿಲ್ಲ. ನಿದ್ದೆಯಲ್ಲಿ ಎದ್ದು ಮಾತಾಡಿದೆನೇ ಎಂದು ಮನೆಯವರನ್ನು ಕೇಳಿದೆ. ನಮ್ಮವರು, "ನೀನು ಎದ್ರೆ ನಂಗೆ ಎಚ್ಚರ ಆಗಲ್ವಾ? ಗೊರಕೆ ಹೊಡೀತಿದ್ದೆ" ಎಂದರು. ತನ್ವಿ ಭುಜ ಹಾರಿಸಿ, "ಅಮ್ಮ, ಬೇರೆ ಯಾರೋ ಕಾಲ್ ಮಾಡಿದ್ದಾರೆ, ಆಂಟಿ ಮಿಕ್ಸ್ ಅಪ್ ಮಾಡ್ಕೊಂಡಿದ್ದಾರೆ. ಇಟ್ಸ್ ನಾಟ್ ದಟ್ ಡೀಪ್" ಎಂದಳು. ಸರಿ, ಬೇರೆ ಯಾರೋ. ಆದರೆ ಯಾರು? ಶನಿವಾರ ನನ್ನ ಗಂಟಲು ಯಾಕೆ ಕಟ್ಟಿತ್ತು ಎಂದೂ ಕೆಲವು ಸಲ ಯೋಚಿಸುತ್ತೇನೆ. ಪೈನ್ ಪುಡಿಯೇ ಇರಬೇಕು. ಅದಕ್ಕೆ ಮುಂಚೆಯೂ ಆಮೇಲೂ ಆ ಪುಡಿ ನನ್ನ ಗಂಟಲಿಗೆ ಬಂದದ್ದಿಲ್ಲ.

ಯಂತ್ರದ ಕಥೆ ಬೇಗ ಮುಗಿಯಿತು. ಜೋರು ಕರೆಂಟನ್ನು ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್ ಒಂದನ್ನು ಅಲ್ಲಿಯದೇ ಪಟ್ಟಣದಲ್ಲಿ ಕೊಂಡು ಕೂರಿಸಿದರು, ಈಗ ನಡೆಯುತ್ತಿದೆ. ಮೋಟರ್‌ಸೈಕಲ್‌ನ ಪೆಟ್ರೋಲನ್ನೂ ನಾವು ಕೆಲವು ಮನೆಯವರು ವಹಿಸಿಕೊಂಡೆವು. ನರ್ಸ್ ಮನೆಯ ಸೂರು ಇನ್ನೂ ಆಗಬೇಕು. ಎಸ್ತರ್ ಮಾತ್ರ ಮಗುವನ್ನು ಎದೆಯಿಂದ ಇಳಿಸಲು ಒಪ್ಪಲಿಲ್ಲ, ಅದು ಕೈತುಂಬುವಷ್ಟು ಬೆಳೆಯುವವರೆಗೆ ಹಾಗೇ ಕಟ್ಟಿಕೊಂಡೇ ಇದ್ದಳಂತೆ. ಮಗುವಿಗೆ ನನ್ನ ಹೆಸರಿಟ್ಟಳು. ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಸುದ್ದಿ ಗುಂಪಿನಲ್ಲಿ ಹರಡಿತು. ಆ ಕರೆ ಮಾಡಲಿಲ್ಲ ಎಂದು ನಾನು ಹೇಳಿದಷ್ಟೂ ಅವರಿಗೆ ನನ್ನ ಮೇಲಿನ ಗೌರವ ಹೆಚ್ಚಿತು. "ಮೀಟಿಂಗ್‌ಗೆ ಮುಂಚೆನೇ ಕಾಲ್ ಮಾಡಿ ಸಾಲ್ವ್ ಮಾಡ್ಬಿಟ್ಟಿದ್ದಾರೆ, ನಮಗೆ ಬೇಜಾರಾಗ್ಬಾರ್ದು ಅಂತ ಸುಮ್ನೆ ಕೂತಿದ್ರು" ಎಂದು ಶ್ರೀಧರ್ ಎಲ್ಲರಿಗೂ ಹೇಳಿದರು. ನವೆಂಬರಿನ ರಾಜ್ಯೋತ್ಸವಕ್ಕೆ ಸನ್ಮಾನ ಎಂದರು. ಬೇಡವೆಂದು ಕಾಲು ಹಿಡಿಯುವುದೊಂದು ಬಾಕಿ. ಶಾಲೆಯೊಂದರ ಸಭಾಂಗಣದಲ್ಲಿ ಕೆಂಪು ಹಳದಿ ಬಾವುಟದ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ನನ್ನ ಕೈಗೆ ಮೈಕ್ ಬಂದಾಗ, ನಾನು ಆ ಕರೆ ಮಾಡಿಲ್ಲ, ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದೆ, ಎದ್ದ ಮೇಲೆ ಮಾಡಿದ್ದು 'ಕ್ಷಮಿಸಿ' ಎಂಬ ಪದವನ್ನು ಅಳಿಸಿದ್ದೊಂದೇ ಎಂದು ಸ್ಪಷ್ಟವಾಗಿ ಹೇಳಿದೆ. ಸಭೆಯಿಂದ ಕಿವಿ ಕಿತ್ತುಹೋಗುವಂಥ ಚಪ್ಪಾಳೆ. ನಿರೂಪಕಿ ಕಣ್ಣೊರೆಸಿಕೊಂಡು, "ನೋಡಿ, ಸರಳತೆ ಅಂದ್ರೆ ಇದು" ಎಂದಳು. ಕೆಳಗಿಳಿದ ಮೇಲೆ ಒಬ್ಬ ಆಂಟಿ ನನ್ನ ಗಲ್ಲ ಸವರಿ, "ಎಷ್ಟು ಹಂಬಲ್ ಅಮ್ಮಾ ನೀನು" ಎಂದರು. ಆ ಹಣ್ಣುಗಳನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟದ ಹಾಗೆ ನೋಡಿಕೊಂಡು, ಮಾರನೆಯ ದಿನವೇ ಆಫೀಸಿನಲ್ಲಿಟ್ಟು ಬಂದೆ.

ಸುಳ್ಳು ಹೇಳಿ ಸಿಕ್ಕಿಬಿದ್ದವರ ನಾಚಿಕೆ ಎಲ್ಲರಿಗೂ ಗೊತ್ತು. ನಿಜ ಹೇಳಿ ಹೊಗಳಿಸಿಕೊಂಡವರ ನಾಚಿಕೆ ಹೇಗಿರುತ್ತದೆ ಎಂದು ನನಗೆ ಆಮೇಲೆಯೇ ಗೊತ್ತಾದದ್ದು. ಆ ಕರೆ ಮಾಡಿದವಳು ಯಾರೇ ಇರಲಿ, ನಾನು ಏನು ಮಾಡಬೇಕಾಗಿತ್ತೋ ಅದನ್ನು ಮಾಡಿದ್ದಳು. ಮೊದಲು ಊಟದ ವಿಚಾರ ಕೇಳಿದಳು, ತಪ್ಪು ನನ್ನದು ಎಂದಳು, ಅತ್ತಳು, ಮಗುವಿನ ತಾಯಿಯ ಜೊತೆ ಮಾತಾಡಿದಳು. ಅವಳಿಗೆ ಯಾವ ಕರಡೂ ಬೇಕಾಗಲಿಲ್ಲ. ಅವಳು ನನ್ನ ದನಿಯನ್ನು ಹೇಗೆ ತಂದಳು, ನನಗೆ ಗೊತ್ತಿಲ್ಲದ ನಂಬರು ಅವಳಿಗೆ ಎಲ್ಲಿ ಸಿಕ್ಕಿತು, ನಾನು ಕಾಣದ ತಪ್ಪು ಅವಳಿಗೆ ಹೇಗೆ ಕಂಡಿತು, ನನ್ನಿಂದ ವಿವರಿಸಲು ಆಗುವುದಿಲ್ಲ. ಬೇರೆಯವರಿಗೆ ಹೇಳಿಕೊಂಡರೆ ಅವರು ಮತ್ತೆ ನನ್ನನ್ನೇ ಹೊಗಳುತ್ತಾರೆ.

ಕಳೆದ ವಸಂತದಲ್ಲಿ ಚಿಸೋಮೊ ವಿಡಿಯೊ ಕರೆ ಮಾಡಿದಳು. ಎಸ್ತರ್ ಮಗುವಿಗೆ ಲಸಿಕೆ ಹಾಕಿಸಲು ಬಂದಿದ್ದಾಳೆ, ನಿನ್ನನ್ನು ಕೇಳುತ್ತಿದ್ದಾಳೆ ಎಂದಳು. ಹೆರಿಗೆ ಕೋಣೆಯ ಹೊರಗಿನ ಜಗಲಿ. ಮಗು ಎನ್ನುವ ಹಾಗಿಲ್ಲ, ಹುಡುಗಿಯೇ ಆಗಿದ್ದಳು. ಹಳದಿ ಲಂಗ ಹಾಕಿಕೊಂಡು, ಕೋಳಿಯೊಂದನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ನನ್ನ ಹೆಸರು ಹಿಡಿದು ಯಾರೋ ಅವಳನ್ನು ಗದರಿದರು. ಎಸ್ತರ್ ಬಂದು ಬೆಂಚಿನ ಮೇಲೆ ಕೂತಳು. ತೆಳ್ಳನೆಯ ಮೈ, ಗಂಭೀರ ಮುಖ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಅವಳಿಗೆ ನಿನ್ನ ದನಿ ಕೇಳಬೇಕಂತೆ, ಏನಾದರೂ ಮಾತಾಡು, ಅವತ್ತಿನ ಹಾಗೆ, ಎಂದಳು ಚಿಸೋಮೊ.

ಏನು ಮಾತಾಡಲಿ? ಇಂಗ್ಲಿಷ್ ಅವಳಿಗೆ ಬಾರದು. ತೋಚದೆ ಕನ್ನಡದಲ್ಲೇ ಮಾತಾಡಿದೆ. "ಹೇಗಿದ್ದೀರಾ ಎಸ್ತರ್? ಮಗು ಚೆನ್ನಾಗಿ ಊಟ ಮಾಡ್ತಾ ಇದ್ಯಾ? ಎಷ್ಟು ಚೆನ್ನಾಗಿ ಓಡ್ತಾಳೆ" ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಎಸ್ತರ್ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಫೋನನ್ನು ಮೆಲ್ಲಗೆ ಚಿಸೋಮೊಳ ಕೈಗೆ ಕೊಟ್ಟು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಏನಂದಳು ಎಂದು ಚಿಸೋಮೊಳನ್ನು ಕೇಳಿದೆ. ಏನಿಲ್ಲ ಬಿಡು, ಹಳ್ಳಿಯ ಹೆಂಗಸು ಎಂದಳು. ನಾನು ಬಿಡಲಿಲ್ಲ.

"ನೀನು ಒಳ್ಳೆಯವಳಂತೆ," ಎಂದಳು ಚಿಸೋಮೊ, ನನ್ನ ಮುಖ ನೋಡದೆ. "ಆದರೆ ಅವತ್ತು ಮಾತಾಡಿದವಳು ನೀನಲ್ಲವಂತೆ. ಅವಳು ಬೇರೆಯಂತೆ."

ಇಷ್ಟು ವರ್ಷ ಎಲ್ಲರಿಗೂ ನಾನು ಹೇಳುತ್ತಿದ್ದದ್ದು ಅದನ್ನೇ. ಕೊನೆಗೂ ಒಬ್ಬಳು ನಂಬಿದ್ದಳು, ಹಗುರಾಗಬೇಕಾಗಿತ್ತು. ಆದರೆ ಅದನ್ನು ಅವಳ ಕಡೆಯಿಂದ ಕೇಳಿದಾಗ ಮುಖವೆಲ್ಲ ಬಿಸಿಯಾಗಿ, ತಲೆಯೆತ್ತಿ ಪರದೆಯನ್ನು ನೋಡಲಾಗಲಿಲ್ಲ. ಅವಳು ಹೇಳಿದ್ದು ಸರಿ ಎಂದೆ. ಅದನ್ನು ಅವಳಿಗೆ ಹೇಳು, ಅವಳು ಹೇಳಿದ್ದೇ ಸರಿ. ಚಿಸೋಮೊ ಹೇಳಿದಳು. ಎಸ್ತರ್ ತಲೆಯಾಡಿಸಿದಳು, ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಎದ್ದು ಮಗಳನ್ನು ಕರೆದು ಕಂಕುಳಿಗೆ ಎತ್ತಿಕೊಂಡಳು. ಹೊರಡುವ ಮುನ್ನ ಮತ್ತೆ ಫೋನಿನ ಕಡೆ ಬಗ್ಗಿ ಒಂದು ಮಾತು ಹೇಳಿದಳು. ಈ ಸಲ ಚಿಸೋಮೊ ಕೂಡಲೇ ತಿಳಿಸಿದಳು.

ಆ ಹೆಂಗಸು ನಿಮಗೆ ಎಂದಾದರೂ ಸಿಕ್ಕರೆ, ಮಗು ಚೆನ್ನಾಗಿದೆ ಎಂದು ಅವಳಿಗೆ ಹೇಳಬೇಕಂತೆ.

ಹೇಳುತ್ತೇನೆ ಎಂದೆ.